ನಿಧಾನಸ್ಥನ ಕುದುರೆ ಸವಾರಿ

ಬೆಳಿಗ್ಗೆ ಎದ್ದು ದೇವರಿಗೆ ದೀಪ ಹಚ್ಚಿ, ಯಾರ ತಂಟೆಗೂ ಹೋಗದೆ ಇರುವ ಮನುಷ್ಯನಿಗೆ ಇಂಥವೆಲ್ಲ ಯಾಕೆ ಆಗುತ್ತವೋ ನಾನರಿಯೆ. ಮನೆಗೊಂದು ಕುದುರೆ ಬಂದ ಮೇಲಂತೂ ಬಿಡುವಿಲ್ಲದೆ ಆಗುತ್ತಿವೆ.

ಯಲಹಂಕದಾಚೆ ನಮಗೆ ಉಳಿದಿರುವ ತುಂಡು ಜಮೀನಿನಲ್ಲಿ ಒಬ್ಬ ಮೇಷ್ಟ್ರು ಕುದುರೆ ಸವಾರಿ ಕಲಿಸುತ್ತಾರೆ. ನೋಡಲು ಹೋದವನು ಹತ್ತಿ ಕೂತೆ. ಹತ್ತಿ ಕೂತವನು ಕೊನೆಗೆ ಅವರಿಂದ ಗೌರಿ ಎಂಬ ಹೆಣ್ಣು ಕುದುರೆಯನ್ನೇ ಕೊಂಡೆ. ನಾನು ನಿಧಾನಸ್ಥ. ಗೌರಿ ಹಾಗಲ್ಲ, ಎಲೆ ಅಲ್ಲಾಡಿದರೂ ನೆಗೆಯುತ್ತಾಳೆ. ಎರಡು ಸಲ ನನ್ನನ್ನು ಬೇಲಿಗೆ ಎಸೆದಿದ್ದಾಳೆ. ಎರಡನೆಯ ಸಲ ನನ್ನ ಹೆಂಡತಿ ಬೆನ್ನಿಗೆ ಎಣ್ಣೆ ತಿಕ್ಕುತ್ತಾ ತೀರ್ಪು ಕೊಟ್ಟಳು.

"ಅದೇನೋ ಡ್ರೆಸ್ಸಾಜ್ ಪಂದ್ಯ ಅಂತಿದ್ರಲ್ಲ, ಅದೊಂದಕ್ಕೆ ಹೋಗ್ಬನ್ನಿ. ಅಲ್ಲೂ ಬಿದ್ರೆ, ಇಲ್ಲಾ ಅವರು ಮಧ್ಯದಲ್ಲೇ ಆಚೆ ಕಳ್ಸಿದ್ರೆ, ಗೌರಿ ಮೇಷ್ಟ್ರಿಗೆ ವಾಪಸ್."

ಒಪ್ಪಿಕೊಂಡೆ. ಬೋರಲು ಮಲಗಿದವನಿಗೆ ವಾದ ಮಾಡಲು ಅನುಕೂಲವಿರುವುದಿಲ್ಲ.

ಓಟವಿಲ್ಲದ ಪಂದ್ಯ

ಸಹಕಾರನಗರದಲ್ಲಿರುವ ನಮ್ಮ ದೊಡ್ಡಪ್ಪನ ಮಗನಿಗೆ ವಿಷಯ ತಿಳಿಸಿದಾಗ, ಎಷ್ಟನೇ ನಂಬರು ಬರ್ತೀಯ ಎಂದು ಕೇಳಿದ. ಇಲ್ಲಿ ಯಾರೂ ಓಡುವುದಿಲ್ಲ ಎಂದು ಸಮಾಧಾನವಾಗಿ ವಿವರಿಸಿದೆ. ಒಬ್ಬೊಬ್ಬರೇ ಅಂಕಣದೊಳಗೆ ಹೋಗಬೇಕು, ಗುರುತು ಹಾಕಿದ ಜಾಗಗಳಲ್ಲಿ ಕುದುರೆಯನ್ನು ನಡೆಸಬೇಕು, ತಿರುಗಿಸಬೇಕು, ನಿಲ್ಲಿಸಬೇಕು. ಎಷ್ಟು ತೆಪ್ಪಗಿದ್ದರೆ ಅಷ್ಟು ಅಂಕ.

ಅವನು ಕಾಫಿ ಲೋಟ ಕೆಳಗಿಟ್ಟ. "ಅಂದ್ರೆ, ಹೇಳಿದ ಕಡೆ ನಡೆದು, ಹೇಳಿದ ಕಡೆ ನಿಂತು, ತುಟಿ ಪಿಟಕ್ ಅನ್ನದೆ ಇದ್ರೆ ಪ್ರೈಜು?"

ಹೌದೆಂದೆ.

"ಅದಕ್ಕೆ ಕುದುರೆ ಯಾಕೋ? ನನ್ನ ಅಳಿಯನ್ನ ಕರ್ಕೊಂಡೋಗು."

ಬಲಸುತ್ತು

ಗೌರಿ ಬಲಕ್ಕೆ ಚೆಂದವಾಗಿ ಸುತ್ತುತ್ತಿದ್ದಳು, ಎಡಕ್ಕೆ ಮಾತ್ರ ಸುತರಾಂ ಒಲ್ಲೆ ಎನ್ನುತ್ತಿದ್ದಳು. ಮೇಷ್ಟ್ರು ಹಲ್ಲು ನೋಡಿದರು, ಕಾಲು ನೋಡಿದರು. ಕೊನೆಗೆ ದಿನಾ ಬೆಳಿಗ್ಗೆ ಏನು ಮಾಡಿಸುತ್ತೀರಿ ಎಂದು ನನ್ನನ್ನು ಕೇಳಿದರು. ಹೊಲದ ಬದಿಯ ಆಂಜನೇಯನ ಗುಡಿಗೆ ಪ್ರದಕ್ಷಿಣೆ ಎಂದೆ.

ಹಾಗಾದರೆ ಎಡಗಡೆಯಿಂದಲೂ ಅಷ್ಟೇ ಸಲ ಸುತ್ತಿಸಿ ಎಂದರು. ದೇವರಿಗೆ ಅಪ್ರದಕ್ಷಿಣೆ ಬರಲು ಸಾಧ್ಯವೇ? ಅರ್ಚಕರನ್ನು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, ದೇವರಿಲ್ಲದ ವಸ್ತು ಯಾವುದನ್ನಾದರೂ ಸುತ್ತಿ ಎಂದರು. ಜಮೀನಿನಲ್ಲಿ ಬತ್ತಿಹೋದ ಬೋರ್‌ವೆಲ್ಲಿನ ಪೈಪೊಂದಿತ್ತು. ಅದಕ್ಕೆ ಎಡಸುತ್ತು ಆರಂಭಿಸಿದೆ.

ವಾರ ಕಳೆಯುವುದರೊಳಗೆ, ನಾನು ಭಕ್ತಿಯಿಂದ ಸುತ್ತುವುದನ್ನು ಕಂಡ ಯಾರೋ ಪುಣ್ಯಾತ್ಮರು ಪೈಪಿಗೆ ಅರಿಶಿನ ಕುಂಕುಮ ಹಚ್ಚಿ, ಮುಂದೆ ಬಾಳೆಹಣ್ಣು ಇಟ್ಟಿದ್ದರು. ಹಣ್ಣನ್ನು ಗೌರಿ ತಿಂದಳು. ಅಂದಿನಿಂದ ಎಡಕ್ಕೆ ತಿರುಗಲು ಅವಳ ತಕರಾರಿಲ್ಲ.

ವೇಷ

ಪಂದ್ಯದ ದಿನ ಕರಿ ಕೋಟು, ಬಿಗಿಯಾದ ಬಿಳಿ ಪ್ಯಾಂಟು, ಮಂಡಿಯವರೆಗೆ ಬೂಟು. ಬೂಟು ಬಿಚ್ಚುವುದು ದೊಡ್ಡ ಕೆಲಸವಾದ್ದರಿಂದ ಗುಡಿಯ ಹೊರಗೇ ಗೌರಿಯ ಲಗಾಮು ಹಿಡಿದು ನಿಂತು ಕೈಮುಗಿದೆ. ಕಣ್ಣು ತೆರೆದಾಗ ಒಬ್ಬ ಹಿರಿಯರು ಪಕ್ಕದಲ್ಲಿ ಕಾಯುತ್ತಿದ್ದರು.

"ನಮ್ಮುಡುಗನ ಮದ್ವೆ ಐತೆ ಸ್ವಾಮಿ. ಬ್ಯಾಂಡ್‌ಸೆಟ್ಟೂ ನೀವೇ ತರ್ತೀರೋ, ಬರೀ ಕುದ್ರೆನೋ?"

ಓದುವವರು

ಪಂದ್ಯದಲ್ಲಿ ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕೆಂಬ ಕ್ರಮವನ್ನು ಬಾಯಿಪಾಠ ಮಾಡಿರಬೇಕು. ನನ್ನಂಥ ಹೊಸಬರಿಗೆ ಅಂಚಿನಲ್ಲಿ ನಿಂತು ಒಬ್ಬರು ಓದಿ ಹೇಳಬಹುದು. ಆದರೆ ಹಾಳೆಯಲ್ಲಿದ್ದಷ್ಟೇ ಓದಬೇಕು. ಒಂದು ಮಾತು ಹೆಚ್ಚಾದರೂ ಸವಾರ ಆಚೆ. ಓದಬೇಕಿದ್ದ ಮೇಷ್ಟ್ರಿಗೆ ಅಂದು ಗಂಟಲು ಕಟ್ಟಿತು. ಹಾಳೆ ನನ್ನ ಹೆಂಡತಿಯ ಕೈಗೆ ಹೋಯಿತು.

ಗೌರಿಯನ್ನು ವಾಪಸ್ ಕಳಿಸಲು ಆಕೆ "ಅಯ್ಯೋ, ನಿಧಾನ" ಎಂದರೆ ಸಾಕಿತ್ತು. ಹೇಳಬೇಕಾದಷ್ಟನ್ನೇ ಹೇಳಿ ಆಕೆ ಸುಮ್ಮನಾದದ್ದನ್ನು ನಾನು ಈವರೆಗೆ ಕಂಡಿರಲಿಲ್ಲ.

ಮೊದಲರ್ಧ ಸುಸೂತ್ರವಾಗಿ ನಡೆಯಿತು. ಯಲಹಂಕದ ವಾಯುನೆಲೆಯ ವಿಮಾನ ತಲೆಯ ಮೇಲೆ ಗುಡುಗಿಕೊಂಡು ಹೋದರೂ ಗೌರಿ ಕಿವಿ ಅಲ್ಲಾಡಿಸಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಸದ್ದು. ಆಮೇಲೆ ಅಂಚಿನಲ್ಲಿಟ್ಟಿದ್ದ ಸೇವಂತಿಗೆ ಕುಂಡ ಕಣ್ಣಿಗೆ ಬಿತ್ತು. ನಿಂತಳು. ಬುಸುಗುಟ್ಟಿದಳು. ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ, ಅಂಕಣದ ಗೆರೆಯ ಕಡೆಗೆ ಸರಿಯತೊಡಗಿದಳು. ಗೆರೆ ದಾಟಿದರೆ ಮುಗಿಯಿತು. ಸವಾರನೂ ಬಾಯಿ ಬಿಡುವಂತಿಲ್ಲವಾದ್ದರಿಂದ ರಾಮನಾಮವನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ತೀರ್ಪುಗಾರ್ತಿಯ ಕೈ, ಆಚೆ ಕಳಿಸಲು ಬಾರಿಸುವ ಗಂಟೆಯ ಮೇಲಿತ್ತು. ನನ್ನ ಹೆಂಡತಿಯ ಬಾಯಿ ತೆರೆಯಿತು.

ಆಕೆ ಹಾಳೆಯ ಮುಂದಿನ ಸಾಲನ್ನು ಓದಿದಳು. "ಬಲಕ್ಕೆ ತಿರುಗಿ. ಮುಂದೆ ನಡೀರಿ."

ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ಆ ಧ್ವನಿ, ಭಾನುವಾರ ಪೇಪರು ಓದುತ್ತಾ ಕೂತವನ ಕೈಗೆ ತರಕಾರಿ ಚೀಲ ಕೊಡುವಾಗಿನದು. ನನ್ನ ಬೆನ್ನು ತಾನೇ ನೆಟ್ಟಗಾಯಿತು. ಗೌರಿಯದೂ. ಇಬ್ಬರೂ ಬಲಕ್ಕೆ ತಿರುಗಿ ಮುಂದೆ ನಡೆದೆವು. ಹೊರಗೆ ಸರದಿ ಕಾಯುತ್ತಿದ್ದ ಇನ್ನೊಂದು ಕುದುರೆಯೂ ಬಲಕ್ಕೆ ತಿರುಗಿತಂತೆ.

ಕೊನೆಯಿಂದ ಎರಡನೆಯವನಾದೆ, ಆದರೆ ಆಚೆ ಕಳಿಸಲಿಲ್ಲ. ಮಾತು ಹೆಚ್ಚಾಡಬಾರದು ಎಂದು ನಿಯಮವಿದೆ, ಧ್ವನಿಯ ಬಗ್ಗೆ ಇಲ್ಲ ಎಂದು ತೀರ್ಪುಗಾರ್ತಿ ನಕ್ಕರಂತೆ.

ಗೌರಿಯ ವಿಚಾರ ಏನು ಮಾಡಿದೆ ಎಂದು ಹೆಂಡತಿಯನ್ನು ಮೆಲ್ಲಗೆ ಕೇಳಿದೆ.

"ಇರ್ಲಿ ಬಿಡಿ," ಎಂದಳು. "ಮುಂದಿನ್ ಸಲಾನೂ ನಾನೇ ಓದ್ತೀನಿ. ಮದ್ವೆ ಆದಾಗಿಂದ, ಒಂದ್ಸಲ ಹೇಳಿದ್ದಕ್ಕೇ ನೀವು ಹೊರಟಿದ್ದು ಇವತ್ತೇ."