ಬೇಸರಕ್ಕೊಂದು ಪಾತ್ರೆ ಸಾರು

ಉಲ್ಮಸನ ನೌಕರಿಗೆ ಸಂಚಕಾರ ತಂದದ್ದು ಒಂದು ಪಾತ್ರೆ ಕುರಿ ಸಾರು.

ಕೋಕಂದ್ ಊರಿನ ಒಂದು ಓಣಿಯಲ್ಲಿ ಮನೆಮನೆಗೂ ಹೋಗಿ, ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಮನಸ್ಸು ಕುಗ್ಗಿದೆಯೇ ಎಂದು ಅವನು ಕೇಳಿ ಎರಡು ವಾರವಾಗಿತ್ತು. ಹೊಸ ಪ್ರಶ್ನಾವಳಿಯನ್ನು ಪರೀಕ್ಷಿಸುವ ಸರಕಾರಿ ವಿಭಾಗದಲ್ಲಿ ಅವನು ಹಂಗಾಮಿ ನೌಕರ; ಇವತ್ತು ಅದೇ ಜನರಿಗೆ ಅದೇ ಪ್ರಶ್ನೆ. ಉತ್ತರಗಳು ಹೋದ ಸಲದ ಹಾಗೇ ಬಂದರೆ ಪ್ರಶ್ನಾವಳಿ ನಂಬಿಕೆಗೆ ಯೋಗ್ಯ, ಉಲ್ಮಸನ ಕೆಲಸ ಕಾಯಂ. ಬಾರದಿದ್ದರೆ ಮಾವನ ತಂದೂರಿನ ಮುಂದೆ ರೊಟ್ಟಿ ಬಡಿಯಬೇಕು, ಮಾವನ ಉಪದೇಶವನ್ನೂ ಕೇಳಬೇಕು. ಮನುಷ್ಯರ ಮನಸ್ಸು ಎರಡು ವಾರ ಅಲ್ಲಾಡದೆ ಕೂತಿರುತ್ತದೆಂದು ರಾಜಧಾನಿ ತಾಷ್ಕೆಂಟಿನ ಪಂಡಿತರು ತೀರ್ಮಾನಿಸಿದ್ದರು. ಅವರಲ್ಲಿ ಯಾರೂ ಓಣಿಯಲ್ಲಿ ಬಾಳಿದವರಲ್ಲ.

ಹೋದ ಸಲ ಕಣ್ಣೀರಿಟ್ಟಿದ್ದ ವಿಧವೆ ರುಬಿಯಾ, ಓಣಿಗೆಲ್ಲ ಖೋಲಾ ಅಂದರೆ ಚಿಕ್ಕಮ್ಮ, ಈ ಸಲ ನಗುತ್ತಲೇ ಬಾಗಿಲು ತೆಗೆದಳು.

"ಬೇಜಾರಾ? ಅದಕ್ಕೆಲ್ಲ ಪುರುಸೊತ್ತೆಲ್ಲಿ ಮಗನೇ! ನಿನ್ನ ಹತ್ರ ಹೇಳ್ಕೊಂಡಿದ್ದು ಗೊತ್ತಾಗಿ ಓಣಿಯವರೆಲ್ಲ ದಿನಾ ಸಾರು ತಂದು ಕೊಡ್ತಾರೆ."

"ಅದು ಗುಟ್ಟಲ್ವಾ ಖೋಲಾ? ಯಾರು ಹೇಳಿದ್ರು?"

"ನಾನೇ. ಗೋಡೆ ಮೇಲಿಂದ."

ಪಕ್ಕದ ಮನೆಯ ತುರ್ಗುನ್ ಹೋದ ಸಲ, "ನಾನಾ? ಕುದುರೆ ಇದ್ದ ಹಾಗಿದೀನಿ!" ಎಂದಿದ್ದ. ಈಗ ಮುಖ ಗಂಟಿಕ್ಕಿಕೊಂಡು ಕೂತಿದ್ದ.

"ಕುಗ್ಗಿದೆ ಅಂತ ಬರ್ಕೋ. ನಂಗೊಬ್ರೂ ಒಂದು ಮೂಳೆ ಕೂಡ ತಂದು ಕೊಡ್ಲಿಲ್ಲ."

ಉಲ್ಮಸನಿಗೆ ಅಳುವೇ ಬಂತು. "ನಿಮ್ಮ ದಮ್ಮಯ್ಯ, ಹೋದ ಸಲ ಹೇಳಿದ್ದನ್ನೇ ಹೇಳಿ. ನನ್ನ ಕೆಲಸ ಹೋಗುತ್ತೆ!"

"ಮೊದಲೇ ಬಾಯಿ ಬಿಡೋಕೇನಾಗಿತ್ತು?" ಎಂದು ಗೋಡೆಯ ಮೇಲಿಂದ ಗದರಿದ ರುಬಿಯಾ, ಓಣಿಯವರನ್ನೆಲ್ಲ ಚಹದಂಗಡಿಗೆ ಎಳೆದು ತಂದು ಹಳೆಯ ಉತ್ತರ ಬಾಯಿಪಾಠ ಮಾಡಿಸಿದಳು. ಪರೋಪಕಾರದಲ್ಲಿ ಆ ಓಣಿಯನ್ನು ಮೀರಿಸುವವರಿಲ್ಲ.

ಸಂಜೆ ಮೇಲಧಿಕಾರಿ ನಸೀಬಾ ಖುದ್ದಾಗಿ ತಪಾಸಣೆಗೆ ಬಂದಳು. ರುಬಿಯಾ ಬಾಯಿತುಂಬ ಮಾಂಸ ಅಗಿಯುತ್ತಲೇ, "ಊಟ ಸೇರಲ್ಲ ತಾಯಿ" ಎಂದಳು. ತುರ್ಗುನ್ ಕಣ್ಣೊರೆಸಿಕೊಂಡು, "ನಾನಾ? ಕುದುರೆ ಇದ್ದ ಹಾಗಿದೀನಿ" ಎಂದ. ಒಂದು ಉತ್ತರವೂ ಆಚೀಚೆ ಆಗಲಿಲ್ಲ.

ನಸೀಬಾ ಉಲ್ಮಸನ ಕೈ ಕುಲುಕಿದಳು. "ಶಭಾಷ್! ಇಷ್ಟು ಗಟ್ಟಿಯಾದ ಪ್ರಶ್ನಾವಳಿ ನಾನು ಕಂಡೇ ಇಲ್ಲ."

"ಹಾಗಾದ್ರೆ ನನ್ನ ಕೆಲಸ, ಅಕ್ಕಾ?"

"ಇನ್ನೇನು ಕೆಲಸ ತಮ್ಮಾ? ಪರೀಕ್ಷೆ ಮಾಡೋಕೆ ಏನೂ ಉಳೀಲೇ ಇಲ್ವಲ್ಲ! ನಾಳೆಯಿಂದ ನಮ್ಮ ವಿಭಾಗಾನೇ ಮುಚ್ತೀವಿ. ನಂಗೆ ಬಡ್ತಿ ಬಂತು, ಎಲ್ಲಾ ನಿನ್ನ ಪುಣ್ಯ."

ಮರುದಿನ ಉಲ್ಮಸ್ ತಂದೂರಿನ ಮುಂದೆ ಬೆವರು ಸುರಿಸುತ್ತಿದ್ದಾಗ ರುಬಿಯಾ ಸಾರಿನ ಪಾತ್ರೆ ಹೊತ್ತು ಬಂದಳು. ಹಿಂದೆಯೇ ಓಡಿ ಬಂದ ತುರ್ಗುನ್ ಪಾತ್ರೆಯೊಳಗೆ ಇಣುಕಿ ನೋಡಿ ಗೋಳಾಡಿದ:

"ಇವನಿಗೂ ಸಾರು! ನನ್ನದೇನು ತಪ್ಪು?"