ಸೋದರಮಾವನ ಭಟ್ಟಿ

ಕೊಟ್ಟೂರಿನ ಬಿಸಿಲಿಗೆ ಮನುಷ್ಯರೇ ಒಣಗಿ ಹೋಗುತ್ತಾರೆ. ಅಂಥ ಊರಿನಲ್ಲಿ ಕಟ್ಟಿಗೆ ಒಣಗಿಸಲು ಭಟ್ಟಿ ಕಟ್ಟಿದ ಮಹಾನುಭಾವ ಒಬ್ಬನೇ, ನನ್ನ ಸೋದರಮಾವ! ಕಸುಬಿನಿಂದ ಬಡಗಿ. ನನಗೆ ಒಂದು ವರ್ಷ ಹೈಸ್ಕೂಲು ತಪ್ಪಿಸಿದ ಪುಣ್ಯವೂ ಅವನದೇ.

ನನ್ನ ಎಡಗಾಲನ್ನು ಪೋಲಿಯೊ ತಿಂದಿತ್ತು. ಏಳನೆಯ ತರಗತಿಯವರೆಗೆ ಅವ್ವ ಸೊಂಟದ ಮೇಲೆ ಹೊತ್ತು ಶಾಲೆಗೆ ಬಿಟ್ಟಳು. ಹೈಸ್ಕೂಲು ಊರಿನ ಆ ತುದಿಗೆ. ಅಷ್ಟುದ್ದದ ಹುಡುಗಿಯನ್ನು ಹೊರುವುದು ಹೇಗೆ? ರಜೆಯಲ್ಲಿ ಮಾವ ಕಂಕುಳಿಗೆ ಆನಿಸಿ ನಡೆಯಲು ಹಸಿ ಬೇವಿನದೊಂದು ಊರುಗೋಲು ಮಾಡಿಕೊಟ್ಟ. ಎಂಟೇ ದಿನಕ್ಕೆ ಅದು ಬಾಗಿ, ನನ್ನನ್ನು ಬಜಾರದಲ್ಲಿ ಕೆಡವಿ, ಮುಂದಿನ ಹಲ್ಲೊಂದನ್ನು ಕಿತ್ತಿತು. ಮಾವನಿಗೆ ಒಣಗಿಸುವ ಹುಚ್ಚು ಹಿಡಿದದ್ದು ಅವತ್ತೇ.

ಹಿತ್ತಲಲ್ಲಿ ಬಚ್ಚಲಿನಷ್ಟು ದೊಡ್ಡ ಭಟ್ಟಿ ಎದ್ದಿತು. ಮೊದಲ ಸಲ ತೆರೆದಾಗ ಕಟ್ಟಿಗೆ ಇದ್ದಿಲಾಗಿತ್ತು. ಅವ್ವ ಅದರಲ್ಲೇ ರೊಟ್ಟಿ ಸುಟ್ಟಳು! ಎರಡನೆಯ ಸಲ ಉದ್ದಕ್ಕೂ ಸೀಳಿತ್ತು. ಮೂರನೆಯ ಸಲ ಮಾವ ಒಳಗೊಂದು ನೀರಿನ ಕೊಡ ಇಟ್ಟ.

"ಲೇ, ಒಣಗಸಾಕ ನೀರ್ಯಾಕೋ?" ಅವ್ವ ಹಣೆ ಬಡಿದುಕೊಂಡಳು.

"ಹಬಿ ಇದ್ರ ನಿದಾನಕ್ಕ ಒಣಗತೈತಿ ಅಕ್ಕ. ಬಿಸಿಲಾಗ ಇಟ್ರ ಸೀಳೇ ಬಿಡತೈತಿ."

"ಮತ್ತ ಇಕಿ ಸಾಲಿ?"

"ಸಾಲಿ ಎಲ್ಲಿ ಓಡಿ ಹೋಗತೈತಿ?"

ಶಾಲೆ ಓಡಲಿಲ್ಲ, ನನ್ನ ಗೆಳತಿಯರು ಓಡಿದರು. ಹೊಸ ನೀಲಿ ಲಂಗ ತೊಟ್ಟು ನಮ್ಮ ಮನೆಯ ಮುಂದೆಯೇ ಹೋದರು. ನಾನು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿದೆ. ಮಾವನನ್ನು ಕಂಡರೆ ಮೈ ಉರಿಯುತ್ತಿತ್ತು. ಆ ವರ್ಷವೇ ನಾನು ದೊಡ್ಡವಳಾದೆ. ಸೋದರಮಾವನಾದವನು ಹಸಿರು ಸೊಪ್ಪಿನ ಗುಡಿಸಲು ಹಾಕಬೇಕು ತಾನೇ? ಈತ ಭಟ್ಟಿಯಲ್ಲಿ ಒಣಗಿಸಿದ ಗಳ ತಂದ! ಹೆಂಗಸರು ಸೋಬಾನೆ ಬಿಟ್ಟು ನಕ್ಕರು.

ಬೇಸಿಗೆಗೆ ಹುಚ್ಚು ಇನ್ನೂ ಏರಿತು. ಮಾವ ತನ್ನ ಎಡಗಾಲನ್ನು ಹಿಂದಕ್ಕೆ ಮಡಿಸಿ ಟವೆಲ್ಲಿನಿಂದ ಬಿಗಿದು, ಭಟ್ಟಿಯಲ್ಲಿ ಒಣಗಿದ ಕಟ್ಟಿಗೆಯ ಹೊಸ ಊರುಗೋಲು ಹಿಡಿದು ಬಜಾರದಲ್ಲಿ ಕುಂಟತೊಡಗಿದ.

"ಸೊಸಿನ್ನ ಅಣಕಸ್ತಾನ ನೋಡ್ರಿ!" ಎಂದರು ಜನ. ನಾನೂ ಹಾಗೇ ತಿಳಿದು ಅವನೊಂದಿಗೆ ಮಾತು ಬಿಟ್ಟೆ.

ಶಾಲೆ ಶುರುವಾಗುವ ಮುನ್ನಾದಿನ ಅದೇ ಕೋಲನ್ನು ನನ್ನ ಅಳತೆಗೆ ಕೊಯ್ದು ತಂದ.

"ಸಾಲಿ ಮಟ ದಿನಾ ಎರಡು ಸರ್ತಿ ಹೋಗಿ ಬಂದೀನಿ. ಎಳ್ಳಷ್ಟೂ ಬಾಗಿಲ್ಲ. ಗಿರಣಿ ಮುಂದ ಮಾತ್ರ ಜಾರತೈತಿ, ಅಲ್ಲಿ ಎಡಕ್ಕ ಹೋಗವ್ವ."

ಕೊಡಲು ಕೈ ಎತ್ತಿದಾಗ ಅಂಗಿಯ ಕಂಕುಳು ಹರಿದಿದ್ದು ಕಂಡಿತು. ಒಳಗೆ ಚರ್ಮ ಸುಲಿದು, ಹಸಿ ಗಾಯಕ್ಕೆ ಅರಿಶಿನ ಮೆತ್ತಿತ್ತು. ನನ್ನ ಕೋಲಿನ ತಲೆಗೆ ಮಾತ್ರ ಹಳೆಯ ಸೀರೆಯನ್ನು ದಪ್ಪಗೆ, ಮೆತ್ತಗೆ ಸುತ್ತಿದ್ದ. ನನಗೆ ಅಳು ತಡೆಯಲಾಗಲಿಲ್ಲ.

ಹೈಸ್ಕೂಲು ಮುಗಿಯುವವರೆಗೂ ಅದನ್ನೇ ಊರಿ ನಡೆದೆ. ನನ್ನ ಕಂಕುಳು ಒಂದು ದಿನವೂ ಸುಲಿಯಲಿಲ್ಲ.