ಮೂವತ್ತೆರಡು ಹಲ್ಲಿನ ನಗು

ಕೂಲಿಗೆ ನಗುವವನಿಗೆ ಹಲ್ಲುನೋವು ಬರಬಾರದು. ಬಂದರೂ ರಜೆಯ ದಿನ ಬರಬೇಕು. ನಗೆಮೇಸ್ತ್ರಿಗೆ ಬಂದದ್ದು ಸೋಮವಾರ ಬೆಳಿಗ್ಗೆ, ಅದೂ ಅವನ ಕೆಲಸ ಇರುತ್ತದೋ ಹೋಗುತ್ತದೋ ಎಂದು ತೀರ್ಮಾನವಾಗಬೇಕಿದ್ದ ದಿನ.

ಟಿವಿಯ ಹಾಸ್ಯ ಕಾರ್ಯಕ್ರಮಗಳಲ್ಲಿ ಎಲ್ಲಿಂದಲೋ ಹೋ ಎಂದು ನಗು ಕೇಳುತ್ತದಲ್ಲ, ಅದೇ ಇವನ ಕಸುಬು. ಸ್ಟುಡಿಯೋದ ಮೆಟ್ಟಿಲುಗಳ ಮೇಲೆ ನಲವತ್ತು ಜನ ಬಾಡಿಗೆ ಪ್ರೇಕ್ಷಕರು ಕೂರುತ್ತಿದ್ದರು. ಜೋಕು ಮುಗಿಯುವ ಅರೆಕ್ಷಣ ಮೊದಲೇ ಇವನು ನಗು ಶುರು ಮಾಡಬೇಕು, ಮಿಕ್ಕವರು ದನಿಗೂಡಿಸಬೇಕು. ಹಾಗಾಗಿ ಮೇಸ್ತ್ರಿ ಎಂಬ ಹೆಸರು. ಹನ್ನೆರಡು ವರ್ಷದಲ್ಲಿ ಆ ಅರೆಕ್ಷಣ ಒಮ್ಮೆಯೂ ತಪ್ಪಿರಲಿಲ್ಲ. ಮನೆಯಲ್ಲಿ ಮಾತ್ರ ಅವನು ನಗುತ್ತಿರಲಿಲ್ಲ. ಗಂಟಲು ಕೆಡುತ್ತದೆ, ದುಡಿಮೆಯ ಸರಕನ್ನು ಮನೆಯಲ್ಲಿ ಖರ್ಚು ಮಾಡಬಾರದು ಎನ್ನುತ್ತಿದ್ದ. ಹೆಂಡತಿ ಏನು ತಮಾಷೆ ಹೇಳಿದರೂ ತಲೆಯಾಡಿಸಿ "ಚೆನ್ನಾಗಿದೆ" ಎಂದು ಸುಮ್ಮನಾಗುತ್ತಿದ್ದ.

ಈಚೆಗೆ ಸ್ಟುಡಿಯೋಗೆ ನಗುವ ಯಂತ್ರ ಬಂದಿತ್ತು. ನಲವತ್ತು ಜನ ಹತ್ತಾದರು, ಹತ್ತು ಕರಗಿ ಇವನೊಬ್ಬ ಉಳಿದ. "ಸೋಮವಾರ ಬಂದು ಒಂದ್ಸಲ ನಕ್ಕು ತೋರಿಸಿ, ನೋಡೋಣ" ಎಂದಿದ್ದ ನಿರ್ಮಾಪಕ.

ಈಗ ಕನ್ನಡಿಯಲ್ಲಿ ನೋಡಿದರೆ ಎಡಗೆನ್ನೆ ಬನ್ನಿನಂತೆ ಊದಿಕೊಂಡಿತ್ತು. ಹಹ ಎನ್ನಲು ಬಾಯಿ ತೆರೆದರೆ ಅಯ್ಯೋ ಎಂಬುದೇ ಹೊರಬಿತ್ತು.

ಆ ಅಯ್ಯೋ ಗೋಡೆ ದಾಟಿತು. ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್ ಬನಿಯನ್ನಿನಲ್ಲೇ ಬಂದ. ಅವನ ಹಿಂದೆಯೇ ಮಹಡಿ ಮನೆಯಾಕೆ ಇಳಿದು ಬಂದಳು. ಆಕೆ ಮೊಬೈಲು ಹಿಡಿಯದೆ ಬಾಗಿಲಿಗೂ ಬರುವವಳಲ್ಲ. ಬೀದಿಯಲ್ಲಿ ಯಾರು ಜಾರಿ ಬಿದ್ದರೂ ಮೊದಲು ವಿಡಿಯೋ ಮಾಡಿ ಆಮೇಲೆ ಕೈಹಿಡಿದು ಎಬ್ಬಿಸುವಾಕೆ.

"ಡಾಕ್ಟ್ರ ಹತ್ರ ಹೋಗ್ರೀ" ಎಂದಳು ಹೆಂಡತಿ.

"ಡಾಕ್ಟ್ರೆಲ್ಲ ಬೇಡ ಬಿಡಮ್ಮ" ಎಂದ ಡ್ರೈವರ್. "ಅವರು ಇಂಜೆಕ್ಷನ್ ಕೊಡ್ತಾರೆ, ಮುಖ ಅರ್ಧ ಮರಗಟ್ಟುತ್ತೆ. ಅರ್ಧ ಮುಖದಲ್ಲಿ ನಕ್ಕರೆ ಯಾರು ಕೆಲಸ ಕೊಡ್ತಾರೆ? ದಾರ ತನ್ನಿ. ನಮ್ಮ ಡಿಪೋದಲ್ಲಿ ಎಷ್ಟು ಜನರ ಹಲ್ಲು ಕಿತ್ತಿದೀನಿ ನಾನು."

ಮಾತು ಮೇಸ್ತ್ರಿಗೆ ಸರಿಯೆನಿಸಿತು. ನೋವಿದ್ದವನಿಗೆ ಯಾರ ಮಾತಾದರೂ ಸರಿಯೆನಿಸುತ್ತದೆ. ಡ್ರೈವರ್ ಹಲ್ಲಿಗೆ ದಾರ ಬಿಗಿದು, ಇನ್ನೊಂದು ತುದಿಯನ್ನು ತೆರೆದಿದ್ದ ಬಾಗಿಲಿನ ಚಿಲಕಕ್ಕೆ ಕಟ್ಟಿದ.

"ಅಣ್ಣಾ, ಸ್ವಲ್ಪ ಬೆಳಕಿನ ಕಡೆ ತಿರುಗಿ" ಎಂದಳು ಮಹಡಿಯಾಕೆ.

"ಮೂರು ಅಂದಾಗ ಬಾಗಿಲು ಹಾಕ್ತೀನಿ" ಎಂದ ಡ್ರೈವರ್. "ಒಂದು. ಎರಡು." ಎರಡಕ್ಕೇ ಧಡಾರನೆ ಹಾಕಿಬಿಟ್ಟ.

ಮೇಸ್ತ್ರಿ ಬುಡ ಕಡಿದ ಮರದ ಹಾಗೆ ನೆಲಕ್ಕೆ ಕುಸಿದು, ಕಾಲು ಬಡಿಯುತ್ತಾ ಊಳಿಟ್ಟ. ದಾರದ ತುದಿಯಲ್ಲಿ ಬೆಳ್ಳಗಿನ, ಹುಳುಕಿನ ಗುರುತೂ ಇಲ್ಲದ ಹಲ್ಲು ತೂಗಾಡುತ್ತಿತ್ತು.

"ಇದು ಚೆನ್ನಾಗಿರೋ ಹಲ್ಲಲ್ವಾ?" ಎಂದಳು ಹೆಂಡತಿ.

ಡ್ರೈವರ್ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. "ಕನ್ನಡಕ ಮನೇಲೇ ಬಿಟ್ಟು ಬಂದೆ" ಎಂದ. ಇವನು ಮೂವತ್ತು ವರ್ಷ ಓಡಿಸಿದ ಬಸ್ಸಿನಲ್ಲಿ ಕೂತವರೆಲ್ಲ ಮನೆ ಮುಟ್ಟಿದ್ದೇ ದೊಡ್ಡದು ಎಂದು ಮೇಸ್ತ್ರಿ ಬೈಯಬೇಕೆಂದುಕೊಂಡ. ಹಲ್ಲಿನ ಸಂದಿಯಿಂದ ಬಂದದ್ದು ಬರೀ ಸಿಳ್ಳೆ.

ನೋಯುವ ಹಲ್ಲನ್ನು ಒಳಗಿಟ್ಟುಕೊಂಡು, ಕೆನ್ನೆಗೆ ಟವೆಲು ಸುತ್ತಿಕೊಂಡು ಅವನು ಸ್ಟುಡಿಯೋ ಸೇರಿದ. ಮೆಟ್ಟಿಲುಗಳು ಖಾಲಿ ಇದ್ದವು. ಗಾಜಿನ ಕೋಣೆಯಲ್ಲಿ ನಿರ್ಮಾಪಕನೂ ಕಿವಿಗೆ ಹೆಡ್‌ಫೋನ್ ಹಾಕಿದ್ದ ಎಂಜಿನಿಯರ್ ಹೆಂಗಸೂ ಕೂತಿದ್ದರು.

"ನಗಿ ಮೇಸ್ತ್ರಿ" ಎಂದ ನಿರ್ಮಾಪಕ.

ಮೇಸ್ತ್ರಿ ದೇವರನ್ನು ನೆನೆದು ನಕ್ಕ. ಕುಕ್ಕರು ಕೂಗಿದಂತಾಯಿತು. ಎರಡನೆಯ ಸಲ ನಕ್ಕ, ಕಣ್ಣಲ್ಲಿ ನೀರು ಬಂತು. ಮೂರನೆಯದು ನಗುವೋ ಅಳುವೋ ಅವನಿಗೇ ತಿಳಿಯಲಿಲ್ಲ.

"ಸಾರ್, ಸಿಳ್ಳೆ ಬರ್ತಿದೆ" ಎಂದಳು ಎಂಜಿನಿಯರ್.

"ಹೋಗ್ಲಿ ಬಿಡಿ. ನಮ್ಮದನ್ನ ಕೇಳಿಸಿ" ಎಂದ ನಿರ್ಮಾಪಕ.

ಆಕೆ ಪಕ್ಕದಲ್ಲಿದ್ದ ಯಂತ್ರದ ಗುಂಡಿ ಒತ್ತಿದಳು. ಕೋಣೆಯ ತುಂಬ ನಗು ಹರಡಿತು. ತುಂಬುನಗು, ಹೊಟ್ಟೆಯಾಳದಿಂದ ಬಂದದ್ದು, ಮೂವತ್ತೆರಡು ಹಲ್ಲೂ ಇದ್ದದ್ದು. ಅದು ತನ್ನದೇ ಎಂದು ಮೇಸ್ತ್ರಿಗೆ ತಿಳಿಯಲು ತಡವಾಗಲಿಲ್ಲ. ಆರು ತಿಂಗಳ ಹಿಂದೆ ಇದೇ ಕೋಣೆಯಲ್ಲಿ ಮೂರು ದಿನ ಕೂರಿಸಿ ಮುಸಿನಗು, ಕಿಸಕ್ಕನೆಯ ನಗು, ಬಿದ್ದು ಬಿದ್ದು ನಗುವ ನಗು ಎಲ್ಲವನ್ನೂ ಹಿಡಿದುಕೊಂಡಿದ್ದರು. ಬಡ್ತಿ ಸಿಗುತ್ತದೆಂದು ಅವನು ಹೊಸ ಅಂಗಿ ಹೊಲಿಸಿಕೊಂಡು ಬಂದಿದ್ದ. ಕೊಟ್ಟ ಕಾಗದಕ್ಕೆಲ್ಲ ಓದದೆ ಸಹಿ ಹಾಕಿದ್ದ.

"ನಿಮ್ಮನ್ನ ತೆಗೀತಿಲ್ಲ ಮೇಸ್ತ್ರಿ" ಎಂದು ನಿರ್ಮಾಪಕ ಯಂತ್ರದ ಬೆನ್ನು ತಟ್ಟಿದ. "ನೀವು ಇಲ್ಲೇ ಇದೀರಲ್ಲ, ಒಳಗೆ. ಇದು ಯಾವತ್ತೂ ಹಲ್ಲುನೋವು ಅನ್ನಲ್ಲ, ಅಷ್ಟೇ."

ಬಸ್ಸಿಲ್ಲ, ಆಟೋಗೆ ಮನಸ್ಸಿಲ್ಲ, ಮೇಸ್ತ್ರಿ ನಡೆದೇ ಮನೆಗೆ ಬಂದ. ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡ. ಹನ್ನೆರಡು ವರ್ಷ ಕಂಡವರ ಹಳಸಲು ಜೋಕಿಗೆ ನಕ್ಕು, ಕೊನೆಗೆ ನಗುವನ್ನೂ ಕೊಟ್ಟು ಬಂದೆನಲ್ಲ ಎಂದು.

ಸಂಜೆಯ ಹೊತ್ತಿಗೆ ಅವನ ಮನೆಯಲ್ಲಿ ಜನ ಸೇರಿದ್ದರು. ಡ್ರೈವರ್ ಈಗ ಕನ್ನಡಕ ಹಾಕಿಕೊಂಡಿದ್ದ. ಎಲ್ಲರ ನಡುವೆ ಮಹಡಿಯಾಕೆಯ ಮೊಬೈಲಿತ್ತು.

"ಅಣ್ಣಾ, ಬನ್ನಿ ಬನ್ನಿ. ಬೆಳಿಗ್ಗೆ ಹಾಕಿದ್ದು, ಆಗ್ಲೇ ಲಕ್ಷ ಜನ ನೋಡಿದಾರೆ. ನಿಮ್ಮ ಚಾನೆಲ್‌ನವರೇ ಕೇಳಿ ತಗೊಂಡು, ನಗು ಸೇರಿಸಿ ಮತ್ತೆ ಹಾಕಿದಾರೆ."

ಮೇಸ್ತ್ರಿ ಬಗ್ಗಿ ನೋಡಿದ. ಪರದೆಯ ಮೇಲೆ ಅವನು ಬಾಯಿ ತೆರೆದು, ಹಲ್ಲಿಗೆ ದಾರ ಕಟ್ಟಿಸಿಕೊಂಡು ನಿಂತಿದ್ದ. ಒಂದು, ಎರಡು ಎನ್ನುವಷ್ಟರಲ್ಲಿ, ಬಾಗಿಲು ಬೀಳುವ ಅರೆಕ್ಷಣ ಮೊದಲೇ, ನಗು ಶುರುವಾಯಿತು. ಆ ಅರೆಕ್ಷಣ ಜಗತ್ತಿನಲ್ಲಿ ಒಬ್ಬನದೇ. ಅವನು ನೆಲದ ಮೇಲೆ ಹೊರಳಾಡುತ್ತಿದ್ದ, ಅವನ ನಗು ಅವನನ್ನು ನೋಡಿ ಬಿದ್ದು ಬಿದ್ದು ನಗುತ್ತಿತ್ತು. ನೆರೆಯವರೂ ಅದರ ಹಿಂದೆ ನಕ್ಕರು.

ಹೆಂಡತಿಯೊಬ್ಬಳು ನಗಲಿಲ್ಲ. ಮೊಬೈಲನ್ನು ಕಿವಿಗೆ ಹಿಡಿದು ಕೇಳಿದಳು.

"ರೀ, ಇದು ನೀವಲ್ವಾ ನಗ್ತಿರೋದು?"

ಅವನು ಹೌದೆಂದು ತಲೆಯಾಡಿಸಿದ.

"ಇಷ್ಟು ಚೆನ್ನಾಗಿ ನಗ್ತೀರಾ?" ಎಂದಳು. ಅವಳ ದನಿ ಸಣ್ಣದಾಗಿತ್ತು. "ಇಷ್ಟು ವರ್ಷದಲ್ಲಿ ಈ ಮನೆಯೊಳಗೆ ನಿಮ್ಮ ನಗು ಕೇಳ್ತಿರೋದು ಇದೇ ಮೊದಲು."

ಏನಾದರೂ ಹೇಳಬೇಕೆಂದು ಮೇಸ್ತ್ರಿ ಬಾಯಿ ತೆರೆದ. ಸಿಳ್ಳೆ ಬಂತು. ಅಷ್ಟರಲ್ಲಿ ವಿಡಿಯೋ ಮುಗಿದು ತಾನಾಗಿಯೇ ಮತ್ತೆ ಮೊದಲಿನಿಂದ ಶುರುವಾಯಿತು. "ಸ್ವಲ್ಪ ಜೋರಾಗಿ ಇಡಿ" ಎಂದಳು ಹೆಂಡತಿ.